ಗೆದ್ದರೆ ಮಾತ್ರ ದೇಶಪ್ರೇಮಿಯೇ?

2007ರ ಆಗಸ್ಟ್ 10ರಂದು ತೆರೆಕಂಡ ‘ಚಕ್ ದೇ! ಇಂಡಿಯಾ’ ಆ ವರ್ಷದ ಅತ್ಯಂತ ಯಶಸ್ವಿ ಹಿಂದಿ ಚಿತ್ರಗಳಲ್ಲೊಂದು. ನಾಯಕನಿಗೆ ಪ್ರಣಯವಿಲ್ಲ, ಕಥೆ ಜನ ಮರೆತಿದ್ದ ಮಹಿಳಾ ಹಾಕಿಯದು. ಆದರೂ ಜನರು ಮುಗಿಬಿದ್ದು ನೋಡಿದರು. ಆರೋಗ್ಯಕರ ಮನರಂಜನೆಗಾಗಿ ನೀಡುವ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು.

ಶಾರುಖ್ ಖಾನ್ ನಿರ್ವಹಿಸಿದ ಕಬೀರ್ ಖಾನ್ ಪಾತ್ರ ಭಾರತ ತಂಡದ ನಾಯಕ. ಪಾಕಿಸ್ತಾನದೆದುರು ಆತ ಒಂದು ಪೆನಾಲ್ಟಿ ಸ್ಟ್ರೋಕ್ ತಪ್ಪಿಸುತ್ತಾನೆ, ಎದುರಾಳಿಯ ಕೈ ಕುಲುಕುತ್ತಾನೆ. ಅಷ್ಟಕ್ಕೇ ಆತನ ಮನೆಯ ಗೋಡೆಯ ಮೇಲೆ ‘ದ್ರೋಹಿ’ ಎಂಬ ಬರಹ ಮೂಡುತ್ತದೆ. ವೃದ್ಧ ತಾಯಿಯೊಂದಿಗೆ ಆತ ಹುಟ್ಟಿದ ಮನೆ ತೊರೆಯುತ್ತಾನೆ. ಏಳು ವರ್ಷಗಳ ಬಳಿಕ ಮಹಿಳಾ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟಾಗಲೇ ಆ ಬಾಗಿಲು ಮತ್ತೆ ತೆರೆಯುತ್ತದೆ.

ಈ ಕಥೆಯನ್ನು ಮೀರ್ ರಂಜನ್ ನೇಗಿಯವರ ಬದುಕಿನೊಂದಿಗೆ ಹೋಲಿಸಿದವರುಂಟು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಪಾಕಿಸ್ತಾನಕ್ಕೆ 7-1ರಿಂದ ಮಣಿದಾಗ ಗೋಲ್‌ಕೀಪರ್ ಆಗಿದ್ದ ಅವರ ಮೇಲೆ ದ್ರೋಹದ ಆರೋಪ ಹೊರಿಸಲಾಯಿತು. ನೇಗಿ ಮುಸ್ಲಿಮರಲ್ಲ. ಸಂಶಯದ ರೋಗ ಒಮ್ಮೆ ಹಬ್ಬಿದರೆ ಅದು ಯಾರನ್ನೂ ಬಿಡುವುದಿಲ್ಲ.

ಚಿತ್ರದ ಯಶಸ್ಸು ಸಂತೋಷದ ವಿಷಯವೇ. ಮುಸ್ಲಿಂ ಹೆಸರಿನ ನಾಯಕನಿಗಾಗಿ ಇಡೀ ಚಿತ್ರಮಂದಿರ ಕಣ್ಣೊರೆಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳದಿರಲಾಗದು: ಆ ಮಹಿಳಾ ತಂಡ ಅಂತಿಮ ಪಂದ್ಯದಲ್ಲಿ ಸೋತಿದ್ದರೆ ಕಬೀರ್ ಖಾನ್‌ನ ಗತಿಯೇನು? ಆಗಲೂ ಆತ ನಿರಪರಾಧಿಯೇ ಆಗಿರುತ್ತಿದ್ದನಲ್ಲವೇ? ಪದಕವನ್ನು ಒತ್ತೆಯಿಟ್ಟು ಪಡೆಯಬೇಕಾದ ಗೌರವ ಹಕ್ಕಲ್ಲ, ಅದು ಕೇವಲ ವಿನಾಯಿತಿ.

ಇದು ತೆರೆಯ ಮೇಲಿನ ಪ್ರಶ್ನೆ ಮಾತ್ರವಲ್ಲ. ಚಿತ್ರ ಬಿಡುಗಡೆಯಾದ ಮರುತಿಂಗಳೇ ಜೊಹಾನ್ಸ್‌ಬರ್ಗ್‌ನಲ್ಲಿ ಟಿ20 ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಮಸೀದಿಯೊಂದರ ಮುಅಝ್ಝಿನ್‌ರ ಪುತ್ರ ಇರ್ಫಾನ್ ಪಠಾಣ್ ಪಂದ್ಯಪುರುಷರಾದರು. ದೇಶ ಅವರನ್ನು ಎತ್ತಿ ಮೆರೆಸಿತು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಸೋತದ್ದು ಹನ್ನೊಂದು ಮಂದಿ. ಧರ್ಮದ ಹೆಸರಿನಲ್ಲಿ ನಿಂದನೆಗೆ ಗುರಿಯಾದದ್ದು ಮುಹಮ್ಮದ್ ಶಮಿ. ನಾಯಕ ವಿರಾಟ್ ಕೊಹ್ಲಿ ಶಮಿಯವರ ಪರ ಬಹಿರಂಗವಾಗಿ ನಿಂತರೆಂಬುದು ಸಮಾಧಾನದ ಸಂಗತಿ.

ಇನ್ನು ನಮ್ಮತ್ತಲೂ ಒಂದಿಷ್ಟು ನೋಡೋಣ. ಈ ಚಿತ್ರದಲ್ಲಿ ನಾವು ಕಬೀರ್ ಖಾನ್‌ನ ನೋವನ್ನು ಮಾತ್ರ ಕಂಡೆವು. ಸ್ವದೇಶದಲ್ಲೇ ‘ಅತಿಥಿ’ಗಳೆನಿಸಿಕೊಂಡ ಈಶಾನ್ಯದ ಹುಡುಗಿಯರು, ಭಾಷೆ ಬಾರದೆಂದು ಅಪಹಾಸ್ಯಕ್ಕೊಳಗಾದ ಜಾರ್ಖಂಡ್‌ನ ಆಟಗಾರ್ತಿಯರು, ಮೈದಾನಕ್ಕೆ ಬರಲು ಮನೆಯವರೊಡನೆಯೇ ಹೋರಾಡಿದ ಹೆಣ್ಮಕ್ಕಳು ಕೂಡ ಅಲ್ಲಿದ್ದರು. ನಮಗಾದ ಅನ್ಯಾಯಕ್ಕೆ ಮಾತ್ರ ಮಿಡಿಯುವ ಮನಸ್ಸು ನ್ಯಾಯದ ಪರ ನಿಂತಿದೆಯೆಂದು ಹೇಗೆ ಹೇಳೋಣ? ಮಗಳ ಪ್ರತಿಭೆಗೆ ಮನೆಯ ಬಾಗಿಲು ಮುಚ್ಚಿ, ಸಮಾಜ ನಮಗೆ ಬಾಗಿಲು ತೆರೆಯಲಿಲ್ಲವೆಂದು ದೂರುವುದು ಎಷ್ಟು ಸರಿ?

ವಿಶ್ವಕಪ್‌ಗೆ ಹೊರಡುವ ಮುನ್ನ ಆ ಹುಡುಗಿಯರು ಪುರುಷರ ತಂಡದೆದುರು ಆಡಿ ಸೋಲುತ್ತಾರೆ. ಆದರೂ ಪುರುಷ ಆಟಗಾರರು ಅವರಿಗೆ ಗೌರವ ಸಲ್ಲಿಸುತ್ತಾರೆ. ಇಡೀ ಚಿತ್ರದಲ್ಲಿ ನಿಜವಾದ ಗೆಲುವು ಅದೇ. ಸೋತ ದಿನವೂ ತನ್ನವರನ್ನು ತನ್ನವರೆಂದೇ ಕಾಣುವ ದೇಶ ನಮಗೆ ಬೇಕು.