ಪೊಲೀಸ್ ಭಾವಚಿತ್ರವನ್ನು ಓದುವ ಬಗೆ

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯನ್ನು ಕುರಿತ ಬರಹಗಳಲ್ಲಿ ರೋಸಾ ಪಾರ್ಕ್ಸ್ ಅವರ ಒಂದು ಪೊಲೀಸ್ ಭಾವಚಿತ್ರ ಮತ್ತೆ ಮತ್ತೆ ಮುದ್ರಣಗೊಳ್ಳುತ್ತದೆ. ಎದೆಯ ಮುಂದೆ 7053 ಎಂಬ ಸಂಖ್ಯಾಫಲಕ. 1955ರ ಡಿಸೆಂಬರ್ 1ರಂದು ಮಾಂಟ್ಗಮರಿಯ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಆಸನ ಬಿಟ್ಟುಕೊಡಲು ನಿರಾಕರಿಸಿದ ದಿನ ತೆಗೆದ ಚಿತ್ರವೆಂದೇ ಅನೇಕರು ಇದನ್ನು ಉಲ್ಲೇಖಿಸುತ್ತಾರೆ. ವಾಸ್ತವವಾಗಿ ಅದು 1956ರ ಫೆಬ್ರವರಿಯದು. ಬಸ್ ಬಹಿಷ್ಕಾರವನ್ನು ಸಂಘಟಿಸಿದವರ ಮೇಲೆ 1921ರ ಕಾನೂನೊಂದರ ಅಡಿಯಲ್ಲಿ ಆರೋಪ ಹೊರಿಸಿದಾಗ, ಹಲವರು ತಾವಾಗಿಯೇ ಬಂದು ಬಂಧನಕ್ಕೆ ಒಪ್ಪಿಸಿಕೊಂಡರು. ಅದೇ ಪ್ರಕರಣದಲ್ಲಿ ತೆಗೆದ ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರದ ಸಂಖ್ಯೆ 7089.

ಎರಡೂವರೆ ತಿಂಗಳ ಈ ಅಂತರ ಕ್ಷುಲ್ಲಕವೆಂದು ತೋರಬಹುದು. ನನಗೆ ಹಾಗೆನಿಸುವುದಿಲ್ಲ. ಡಿಸೆಂಬರ್ ಎಂದೊಡನೆ ಚಿತ್ರದಲ್ಲಿ ಕಾಣುವವಳು ದಣಿದ ಒಂಟಿ ಮಹಿಳೆ. ಫೆಬ್ರವರಿ ಎಂದಾಗ ಆಕೆ ಒಂದು ಸಮುದಾಯದ ಸಂಘಟಿತ ಪ್ರತಿರೋಧದ ಭಾಗ. ದಿನಾಂಕ ತಪ್ಪಿದರೆ ಇಡೀ ಚಳವಳಿಯೇ ಚೌಕಟ್ಟಿನಿಂದ ಹೊರಗುಳಿಯುತ್ತದೆ. ಶಾಸನದ ಕಾಲನಿರ್ಣಯಕ್ಕಾಗಿ ವರ್ಷಗಟ್ಟಲೆ ವಾದಿಸುವ ನಾವು ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಇಷ್ಟು ಉದಾರಿಗಳಾಗಿರುವುದೇಕೆ?

ಈ ಪ್ರಕಾರಕ್ಕೆ ಶಿಸ್ತು ತಂದವನು ಆಲ್ಫೋನ್ಸ್ ಬೆರ್ತಿಯೋಂ. 1879ರಲ್ಲಿ ಪ್ಯಾರಿಸ್ ಪೊಲೀಸ್ ಕಚೇರಿಗೆ ಗುಮಾಸ್ತನಾಗಿ ಸೇರಿದ ಈತ ತಲೆ, ನಡುಬೆರಳು, ಪಾದಗಳ ಅಳತೆಯಿಂದ ಅಪರಾಧಿಗಳನ್ನು ಗುರುತಿಸುವ ಕ್ರಮವನ್ನು ರೂಪಿಸಿದ. ಮುಂದೆ ಅದಕ್ಕೆ ಒಂದು ಮುಮ್ಮುಖ ನೋಟ, ಒಂದು ಪಾರ್ಶ್ವನೋಟ ಸೇರಿದವು. ಎಲ್ಲರಿಗೂ ಒಂದೇ ಬೆಳಕು, ಒಂದೇ ದೂರ. 1893ರಲ್ಲಿ ಆತ ಇಪ್ಪತ್ತಮೂರು ತಿಂಗಳ ಕೂಸಾದ ಫ್ರಾನ್ಸ್ವಾ ಬೆರ್ತಿಯೋಂನನ್ನೂ ಇದೇ ಕ್ರಮದಲ್ಲಿ ಚಿತ್ರಿಸಿದ. ದಾಖಲಾದ ಆರೋಪ: ಬುಟ್ಟಿಯ ಪಿಯರ್ ಹಣ್ಣುಗಳನ್ನೆಲ್ಲ ಕಚ್ಚಿದ ಹೊಟ್ಟೆಬಾಕತನ! ಇದು ವಿನೋದವೇ ಹೌದು; ಆದರೆ ಆ ಕ್ಯಾಮೆರಾದ ಮುಂದೆ ಹಸುಳೆಯೂ ಆರೋಪಿಯಂತೆಯೇ ಕಾಣುತ್ತದೆ. ಅಂದಮೇಲೆ ಚಿತ್ರದಲ್ಲಿ ಕಾಣುವ 'ಅಪರಾಧಿಯ ಕಳೆ' ಮುಖದ್ದೋ, ಚೌಕಟ್ಟಿನದ್ದೋ? 1894ರಲ್ಲಿ ಡ್ರೇಫಸ್ ಪ್ರಕರಣದ ಕೈಬರಹ ಆತನದೇ ಎಂದು ತಪ್ಪಾಗಿ ಸಾಧಿಸಹೊರಟ ಪರಿಣತರಲ್ಲಿ ಇದೇ ಬೆರ್ತಿಯೋಂ ಪ್ರಮುಖನೆಂಬುದನ್ನು ಹಸ್ತಪ್ರತಿ ವಿದ್ವಾಂಸರು ಗಮನಿಸಬೇಕು. ಡ್ರೇಫಸ್ ನಿರ್ದೋಷಿಯೆಂದು ಘೋಷಿತನಾದದ್ದು 1906ರಲ್ಲಿ.

ಸಂಗ್ರಹಿಸಿದವರ ಉದ್ದೇಶವನ್ನು ಚಿತ್ರಗಳು ಮೀರುವುದೂ ಉಂಟು. 1961ರಲ್ಲಿ ವರ್ಣಭೇದವನ್ನು ಪ್ರತಿಭಟಿಸಿ ಬಸ್ಸುಗಳಲ್ಲಿ ಬಂದ ಮುನ್ನೂರಕ್ಕೂ ಹೆಚ್ಚು 'ಸ್ವಾತಂತ್ರ್ಯ ಯಾತ್ರಿಕ'ರನ್ನು ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಂಧಿಸಲಾಯಿತು. ವರ್ಣಭೇದದ ವಿರೋಧಿಗಳ ಮೇಲೆ ಕಣ್ಣಿಡಲು ಇದ್ದ ಸರಕಾರಿ ಆಯೋಗವೊಂದು ಅವರ ಭಾವಚಿತ್ರಗಳನ್ನು ಜೋಪಾನವಾಗಿ ಕಾಪಾಡಿತು. 1998ರಲ್ಲಿ ಆ ಕಡತಗಳು ತೆರೆದಾಗ, ಯಾತ್ರಿಕರ ಅತ್ಯಂತ ಸಮಗ್ರವಾದ ಚಿತ್ರಸಂಪುಟ ದೊರೆತದ್ದು ಅವರ ವೈರಿಗಳ ಕಪಾಟಿನಲ್ಲಿ.

ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಇಂತಹ ಚಿತ್ರಗಳು ಬಹುಪಾಲು ಅಲಂಕಾರವಾಗಿಯೇ ಬರುತ್ತವೆ. ತೆಗೆದ ದಿನ, ತೆಗೆಸಿದ ಕಚೇರಿ, ಹೊರಿಸಿದ ಆರೋಪ, ಪ್ರಕರಣದ ಅಂತ್ಯ ಈ ನಾಲ್ಕನ್ನಾದರೂ ಚಿತ್ರದ ಅಡಿಯಲ್ಲಿ ಕೊಡದ ಲೇಖನವನ್ನು ಸಂಪಾದಕರು ಹಿಂದಿರುಗಿಸಬೇಕೆಂಬುದು ನನ್ನ ಸೂಚನೆ.