ಮೆಮೊರಿ ಕಾರ್ಡನ್ನು ಸೀಮೆಸುಣ್ಣದ ಲೆಕ್ಕಕ್ಕೆ ಸೇರಿಸಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ‘ಸರ್, ಕಂಪ್ಯೂಟರ್ ಆನ್ ಆಗ್ತಾ ಇಲ್ಲ. ನಾನೇ ಕೆಡಿಸಿದ್ದು’ ಎಂದಳು. ಗಂಟಲು ಕಟ್ಟಿತ್ತು.

ನಮ್ಮ ಹೈಸ್ಕೂಲಿನಲ್ಲಿರುವುದು ರಾಸ್‌ಬೆರಿ ಪೈ 4. ಎಟಿಎಂ ಕಾರ್ಡಿನಷ್ಟೇ ಅಗಲದ ಒಂದು ಹಸಿರು ಬೋರ್ಡು. ಅದಕ್ಕೆ ಹಾರ್ಡ್ ಡಿಸ್ಕ್ ಇಲ್ಲ; ಇಡೀ ಲಿನಕ್ಸ್ ವ್ಯವಸ್ಥೆ ಕೂತಿರುವುದು ಉಗುರಿನಷ್ಟಿರುವ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ. ಅದರೊಳಗೆ ‘ಸಿಎಮ್‌ಡಿಲೈನ್’ ಎಂಬ ಪುಟ್ಟ ಫೈಲಿದೆ. ಅಲ್ಲಿಂದ ‘ಕ್ವೈಟ್’, ‘ಸ್ಪ್ಲ್ಯಾಶ್’ ಎಂಬೆರಡು ಪದ ಅಳಿಸಿದರೆ, ಯಂತ್ರ ಏಳುವಾಗ ಒಳಗೆ ನಡೆಯುವುದೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಹರಿಯುತ್ತದೆ. ನಾನೇ ಹೇಳಿಕೊಟ್ಟಿದ್ದೆ. ಅವಳು ಎರಡು ಪದ ಅಳಿಸಿದ್ದು ಸರಿಯಾಗಿತ್ತು. ಆದರೆ ಸಾಲು ತೀರಾ ಉದ್ದವಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುವ ಹಾಗೆ ನಡುವೆ ಎಂಟರ್ ಒತ್ತಿ ಎರಡು ತುಂಡು ಮಾಡಿದ್ದಳು. ಆ ಫೈಲಿನಲ್ಲಿರುವುದೆಲ್ಲ ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ತನ್ನ ವ್ಯವಸ್ಥೆ ಕಾರ್ಡಿನ ಯಾವ ಭಾಗದಲ್ಲಿದೆ ಎಂಬುದೇ ಯಂತ್ರಕ್ಕೆ ಸಿಗುವುದಿಲ್ಲ.

ನಾನು ಕೈಹಾಕಲಿಲ್ಲ. ಅವಳೇ ಕಾರ್ಡು ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿದಳು, ಫೈಲು ತೆರೆದಳು, ಎರಡು ಸಾಲನ್ನು ಮತ್ತೆ ಒಂದು ಮಾಡಿದಳು. ಬೋರ್ಡಿಗೆ ಮರಳಿಸಿ ಸ್ವಿಚ್ ಹಾಕಿದಾಗ ಹಸಿರು ದೀಪ ಮಿಣುಕಿತು, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿದವು. ಅವಳು ಒಂದೊಂದನ್ನೂ ಬೆರಳಿಟ್ಟು ಓದಲು ನೋಡಿದಳು. ನನ್ನ ಒಂದು ವರ್ಷದ ಕಂಪ್ಯೂಟರ್ ಪಾಠ ಕಲಿಸದಿದ್ದುದನ್ನು ಆ ಇಪ್ಪತ್ತು ನಿಮಿಷ ಕಲಿಸಿತು.

ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲೂ ಕಂಪ್ಯೂಟರ್‌ಗಳಿದ್ದವು. ಕೋಣೆಗೆ ಬೀಗ, ಯಂತ್ರಗಳಿಗೆ ಬಟ್ಟೆಯ ಮುಸುಕು. ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ಬೀಗ ಹಾಕಿಟ್ಟಿದ್ದ ಮೇಷ್ಟರನ್ನು ನಾನು ದೂರುವುದಿಲ್ಲ. ಪ್ರತಿ ಯಂತ್ರವೂ ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿಯ ಎದುರಿಗಿತ್ತು. ಕೆಟ್ಟರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ದೊಡ್ಡವರ ಆ ಭಯ ಮಕ್ಕಳ ಬೆರಳಿಗೂ ಇಳಿದಿತ್ತು.

ಈ ಬೋರ್ಡು ಹುಟ್ಟಿದ್ದೇ ಆ ಭಯಕ್ಕೆ ಮದ್ದಾಗಿ. ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗರಿಗೆ ಯಂತ್ರದೊಳಗೆ ಕೈಯಾಡಿಸಿದ ಅನುಭವವೇ ಕಡಿಮೆಯಾಗುತ್ತಿದೆ ಎಂದು ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಗೆಳೆಯರಿಗೆ ಅನಿಸಿತ್ತು. 2012ರ ಫೆಬ್ರುವರಿ 29ರಂದು 35 ಡಾಲರಿನ ಮೊದಲ ಬೋರ್ಡು ಮಾರಾಟಕ್ಕೆ ಬಂತು. ಅದರ ಮೆಮೊರಿ 256 ಎಂಬಿ. ಡೆಬಿಯನ್ ಲಿನಕ್ಸನ್ನು ಅದಕ್ಕೆ ಹೊಂದಿಸಿ ‘ರಾಸ್ಪಿಯನ್’ ಮಾಡಿದರು. ಇಂದಿನ ರಾಸ್‌ಬೆರಿ ಪೈ ಓಎಸ್ ಅದರದ್ದೇ ಮುಂದುವರಿಕೆ. ಅದರ 32 ಬಿಟ್ ಆವೃತ್ತಿ 2012ರ ಆ ಬೋರ್ಡಿನ ಮೇಲೂ ನಡೆಯುತ್ತದೆ.

ಕನ್ನಡಕ್ಕೂ ಅಲ್ಲಿ ಜಾಗವಿದೆ. ಡೆಬಿಯನ್ನಿನ ಕನ್ನಡ ಫಾಂಟ್‌ಗಳಲ್ಲಿ ಎರಡರ ಹೆಸರು ಗುಬ್ಬಿ ಮತ್ತು ನವಿಲು. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನಲ್ಲೇ ಆರಿಸಿಕೊಳ್ಳಬಹುದು. ಇನ್ನೊಂದು ಬೋರ್ಡಿನಲ್ಲಿ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯ ಇಟ್ಟಿದ್ದೇವೆ. ನಮ್ಮೂರಲ್ಲಿ ಇಂಟರ್‌ನೆಟ್ ಇಲ್ಲದ ದಿನವೂ ಮಕ್ಕಳು ಅದನ್ನು ಓದುತ್ತಾರೆ.

ಕಷ್ಟವೂ ಇದೆ. ಮಲೆನಾಡಿನ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಕಾರ್ಡಿಗೆ ಏನೋ ಬರೆಯುತ್ತಿರುವಾಗ ಹೋದರೆ ಒಳಗಿನದು ಹಾಳಾಗಬಹುದು. ವಿಕಿಪೀಡಿಯದ ಬೋರ್ಡಿಗೆ ‘ಓವರ್‌ಲೇ’ ಸೌಲಭ್ಯ ಹಾಕಿದ್ದೇವೆ. ಬದಲಾವಣೆಯೆಲ್ಲ ತಾತ್ಕಾಲಿಕ ಮೆಮೊರಿಯಲ್ಲೇ ಉಳಿಯುತ್ತದೆ, ಕಾರ್ಡು ಭದ್ರ. ಮಕ್ಕಳ ಬೋರ್ಡುಗಳಿಗೆ ಅದು ಆಗದು, ಅವರು ಬರೆದದ್ದು ಉಳಿಯಬೇಕಲ್ಲ. ಅದಕ್ಕೇ ಹಾಳಾದ ಕಾರ್ಡಿಗೆ ಲಿನಕ್ಸನ್ನು ಮತ್ತೆ ಬರೆಯುವುದು ನಮ್ಮ ಶಾಲೆಯಲ್ಲಿ ಕರಿಹಲಗೆ ಒರೆಸಿದಷ್ಟೇ ಸಹಜವಾಗಿದೆ. ಕಾರ್ಡೇ ಸತ್ತರೆ ಹೊಸದು ಹಾಕುತ್ತೇವೆ.

ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಿದೆ. ನಮ್ಮಲ್ಲೂ ಆಗಬೇಕು. ಆದರೆ ಅಗ್ಗ ಎಂಬ ಒಂದೇ ಕಾರಣಕ್ಕೆ ಬೋರ್ಡು ಕೊಳ್ಳಬಾರದು. ಪರದೆ, ಕೀಬೋರ್ಡು, ಒಳ್ಳೆಯ ಅಡಾಪ್ಟರ್ ಸೇರಿದರೆ ಅದು ಅಷ್ಟೇನೂ ಅಗ್ಗವಲ್ಲ. ತಯಾರಕರು ಒಮ್ಮೆ ಕೊಟ್ಟು ಕೈತೊಳೆದುಕೊಂಡ ಹಳೆಯ ಲಿನಕ್ಸ್ ಮಾತ್ರ ನಡೆಯುವ ಬೋರ್ಡುಗಳೂ ಮಾರುಕಟ್ಟೆಯಲ್ಲಿವೆ. ಟೆಂಡರ್ ಕರೆಯುವವರು ಬೆಲೆಗಿಂತ ಮೊದಲು ಕೇಳಬೇಕಾದ್ದು, ಇದಕ್ಕೆ ಇನ್ನೆಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು.

ಶಿಕ್ಷಣ ಇಲಾಖೆಗೆ ನನ್ನ ಇನ್ನೊಂದು ಕೋರಿಕೆ ಸಣ್ಣದು. ಬೋರ್ಡು ಸ್ಟಾಕ್ ರಿಜಿಸ್ಟರಿನಲ್ಲಿರಲಿ, ಲೆಕ್ಕ ಬೇಕು. ಕಾರ್ಡನ್ನು ಮಾತ್ರ ಸೀಮೆಸುಣ್ಣದ ಹಾಗೆ ಬಳಸಿ ಮುಗಿಯುವ ಸಾಮಗ್ರಿ ಎಂದು ಬರೆಯಲು ಅನುಮತಿ ಕೊಡಿ. ಪ್ರತಿ ಮಗುವಿಗೂ ಹೆಸರು ಬರೆದ ಒಂದು ಕಾರ್ಡು ಸಿಗಲಿ. ನಮ್ಮ ಆ ಹುಡುಗಿ ತನ್ನದನ್ನು ಜಾಮಿಟ್ರಿ ಬಾಕ್ಸಿನಲ್ಲಿ, ಕೈವಾರದ ಪಕ್ಕ ಇಟ್ಟುಕೊಂಡಿದ್ದಾಳೆ. ಅಂದಿನಿಂದ ಎರಡು ಸಲ ಕೆಡಿಸಿದ್ದಾಳೆ. ಎರಡು ಸಲವೂ ಸರಿ ಮಾಡಿದ ಮೇಲೆಯೇ ನನಗೆ ಬಂದು ಹೇಳಿದಳು.