ಔಟ್‌ಪುಟ್ ಇದೆ ಅಂದ್ರೆ ಕೋಡ್ ಓಡುತ್ತೆ ಅಂತಲ್ಲ

1/6
ಸೆಮಿಸ್ಟರ್ ಕೊನೆಗೆ ಕತ್ರಿಗುಪ್ಪೆ ವಾಟರ್ ಟ್ಯಾಂಕ್ ಕಡೆ ಯಾವ ಝೆರಾಕ್ಸ್ ಅಂಗಡಿಗೆ ಹೋದ್ರೂ ಲ್ಯಾಬ್ ರೆಕಾರ್ಡ್ ಪ್ರಿಂಟ್ ಆಗ್ತಿರುತ್ತೆ. ಮೇಲೆ ನೋಟ್‌ಬುಕ್ ಸೆಲ್ಲು, ಕೆಳಗೆ ಚೆಂದದ ಗ್ರಾಫು. ಗ್ರಾಫ್ ಇದ್ರೆ ಮಾರ್ಕ್ಸ್ ಬಂತು. ಆ ಕೋಡ್ ಇನ್ನೊಬ್ಬರ ಲ್ಯಾಪ್‌ಟಾಪಲ್ಲಿ ಓಡುತ್ತಾ ಅಂತ ಯಾರೂ ಕೇಳಲ್ಲ. ನನ್ನ ಜಗಳ ಇರೋದೇ ಇಲ್ಲಿ.

2/6
ಡಾಟ್ ಐಪಿವೈಎನ್‌ಬಿ ಫೈಲನ್ನ ಒಂದ್ಸಲ ನೋಟ್‌ಪ್ಯಾಡಲ್ಲಿ ತೆರೆದು ನೋಡಿ. ಒಳಗಿರೋದು ಜೇಸನ್: ನಿಮ್ಮ ಕೋಡು, ಹಳೇ ಔಟ್‌ಪುಟ್ಟು, ಸೆಲ್ ಓಡಿಸಿದ ಸಂಖ್ಯೆ, ಗ್ರಾಫಿನ ಚಿತ್ರ ಕೂಡ ಉದ್ದುದ್ದ ಅಕ್ಷರಗಳಾಗಿ. ಆ ಔಟ್‌ಪುಟ್ ಯಾವತ್ತು ಬಂದಿದ್ದೋ! ಒಂದು ಸೆಲ್ ಅಳಿಸಿದ್ರೂ ಅದರ ವೇರಿಯಬಲ್ ಕರ್ನಲ್ ಮೆಮೊರಿಯಲ್ಲಿ ಕೂತಿರುತ್ತೆ, ಕೆಳಗಿನ ಸೆಲ್ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ. ಕರ್ನಲ್ ರೀಸ್ಟಾರ್ಟ್ ಮಾಡಿದ ದಿನ ಬಣ್ಣ ಬಯಲು.

3/6
ಇದು ನಮ್ಮ ಕ್ಲಾಸಿನ ರೋಗ ಮಾತ್ರ ಅಲ್ಲ. 2019ರಲ್ಲಿ ಸಂಶೋಧಕರು ಗಿಟ್‌ಹಬ್‌ನ ಸುಮಾರು 14 ಲಕ್ಷ ನೋಟ್‌ಬುಕ್‌ಗಳನ್ನ ಪರಿಶೀಲಿಸಿದ್ರು. ಓಡಿಸೋಕೆ ನೋಡಿದವುಗಳಲ್ಲಿ ಎರರ್ ಇಲ್ದೆ ಓಡಿದ್ದು ಸುಮಾರು ಶೇ. 24. ಅದೇ ಔಟ್‌ಪುಟ್ ಮತ್ತೆ ಕೊಟ್ಟಿದ್ದು ಶೇ. 4. ನೂರಕ್ಕೆ ನಾಲ್ಕು, ಗುರು!

4/6
ಅದಕ್ಕೇ ಹೇಳ್ತೀನಿ: ಸಬ್ಮಿಟ್ ಮಾಡೋ ಮುಂಚೆ ನೋಟ್‌ಬುಕ್ಕನ್ನ ಸಾದಾ ಡಾಟ್ ಪಿವೈ ಮಾಡಿ, ಮೇಲಿಂದ ಕೆಳಗೆ ಓಡಿಸಿ. ಎನ್‌ಬಿಕನ್ವರ್ಟ್ ಇದನ್ನ ಒಂದೇ ಕಮಾಂಡಲ್ಲಿ ಮಾಡುತ್ತೆ. % ಅಥವಾ ! ಇಂದ ಶುರುವಾಗೋ ಸಾಲುಗಳು ಮಾತ್ರ 'ಗೆಟ್ ಐಪೈಥಾನ್' ಅನ್ನೋ ಕರೆಗಳಾಗಿ, ಸಾದಾ ಪೈಥಾನಲ್ಲಿ ನೇಮ್ ಎರರ್ ಕೊಡ್ತವೆ. ಕನ್ವರ್ಟರನ್ನ ಬೈಬೇಡಿ. ನಿಮ್ಮ ಕೋಡ್ ನೋಟ್‌ಬುಕ್ ಬಿಟ್ಟು ಬದುಕಲ್ಲ ಅಂತ ಅದು ತೋರಿಸ್ತಿದೆ, ಅಷ್ಟೇ. ಇನ್‌ಸ್ಟಾಲ್ ಸಾಲುಗಳನ್ನ ತೆಗೆದು ರಿಕ್ವೈರ್ಮೆಂಟ್ಸ್ ಫೈಲಿಗೆ ಹಾಕಿ.

5/6
"ರೀಸ್ಟಾರ್ಟ್ ಮಾಡಿ ರನ್ ಆಲ್ ಒತ್ತಿದ್ರೆ ಸಾಕಲ್ವಾ ಮಗಾ?" ಒಬ್ರೇ ಮಾಡೋದಾದ್ರೆ ಸಾಕು. ನಾಲ್ಕು ಜನರ ಪ್ರಾಜೆಕ್ಟಿಗೆ ಸಾಲಲ್ಲ. ಒಂದು ಸಾಲು ತಿದ್ದಿ ಮತ್ತೆ ಓಡಿಸಿ ಸೇವ್ ಮಾಡಿದ್ರೆ, ಗಿಟ್ಟಲ್ಲಿ ಔಟ್‌ಪುಟ್ಟು, ಸಂಖ್ಯೆ, ಚಿತ್ರ ಎಲ್ಲ ಬದಲಾದ ಹಾಗೆ ಕಾಣುತ್ತೆ. ಯಾರು ಏನು ಬರೆದ್ರು ಅನ್ನೋದು ಆ ರಾಶಿಯಲ್ಲಿ ಮುಚ್ಚಿಹೋಗುತ್ತೆ. ರಾತ್ರಿಯೆಲ್ಲ ಕೂತು ಬರೆದವಳಿಗೂ ಗ್ರೂಪ್ ಫೋಟೋದಲ್ಲಿ ನಿಂತವನಿಗೂ ಒಂದೇ ಮಾರ್ಕ್ಸು. ಸಾದಾ ಸ್ಕ್ರಿಪ್ಟಲ್ಲಿ ಬದಲಾದ ಸಾಲು ಮಾತ್ರ ಕಾಣುತ್ತೆ.

6/6
ನೋಟ್‌ಬುಕ್ ಬಿಸಾಕಿ ಅಂತಿಲ್ಲ. ಡೇಟಾ ಕೆದಕಿ ನೋಡೋಕೆ ಅದೇ ಚೆಂದ. ಜುಪಿಟೆಕ್ಸ್ಟ್ ಹಾಕ್ಕೊಳ್ಳಿ, ಎರಡು ಫೈಲನ್ನೂ ಜೋಡಿಯಾಗಿ ಇಡುತ್ತೆ. ಪಿವೈ ಫೈಲಲ್ಲಿ # %% ಅಂತ ಗುರುತಿದ್ದಲ್ಲೆಲ್ಲ ನೋಟ್‌ಬುಕ್ಕಲ್ಲಿ ಹೊಸ ಸೆಲ್ಲು. ಗಿಟ್ಟಿಗೆ ಪಿವೈ, ಕಣ್ಣಿಗೆ ನೋಟ್‌ಬುಕ್.

ಮುಂದಿನ ವೈವಾದಲ್ಲಿ ನಾವೇ ಹೇಳೋಣ: "ಸರ್, ಸ್ಕ್ರೀನ್‌ಶಾಟ್ ಬೇಡ, ಓಡಿಸಿ ನೋಡಿ." ಹಾಗೆ ಹೇಳೋ ಧೈರ್ಯ ಇಲ್ಲ ಅಂದ್ರೆ ರೆಕಾರ್ಡಲ್ಲಿರೋದು ಕೋಡ್ ಅಲ್ಲ, ಬರೀ ಫೋಟೋ.

#ಕತ್ರಿಗುಪ್ಪೆ #ಲ್ಯಾಬ್‌ರೆಕಾರ್ಡ್ #ಓಡಿಸಿತೋರಿಸಿ